ಆಲೆಯ ಮರ, ಅರಗಿನ ಬಣ್ಣ

ಬೆಂಗಳೂರು–ಮೈಸೂರು ಹಾದಿಯಲ್ಲಿರುವ ಚನ್ನಪಟ್ಟಣಕ್ಕೆ ಗೊಂಬೆಗಳ ಊರೆಂದೇ ಹೆಸರು. ಇಲ್ಲಿನ ಕಡೆತದ ಗೊಂಬೆಗಳ ಹೊಳಪನ್ನು ಮೆಚ್ಚದವರಿಲ್ಲ. ಆ ಹೊಳಪು ಬರುವ ಬಗೆ ಮಾತ್ರ ಅನೇಕರಿಗೆ ತಿಳಿಯದು.

ಬೆಳ್ಳಗೆ, ಹಗುರವಾಗಿರುವ ಆಲೆ ಮರವನ್ನು ಚೆನ್ನಾಗಿ ಒಣಗಿಸಿ, ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಬಳಿಕ ತಾಳೆಗರಿಯಿಂದ ತೀಡಿದರೆ ಹೊಳಪು ಏಳುತ್ತದೆ. ಕುಂಚ ಬೇಡ, ಟರ್ಪೆಂಟೈನ್ ಬೇಡ, ಒಣಗಲೆಂದು ಕಾಯಬೇಕಾಗಿಯೂ ಇಲ್ಲ. ಅರಗಾದರೂ ಮುತ್ತುಗ, ಬೋರೆಯಂಥ ಮರಗಳ ರಸ ಹೀರುವ ಪುಟ್ಟ ಕೀಟದ ಸ್ರಾವ.

ಆದರೆ ಅರಗು ನಿಸರ್ಗದ್ದೆಂದ ಮಾತ್ರಕ್ಕೆ ಗೊಂಬೆ ನಿರಪಾಯವೆನ್ನಲಾಗದು. ಅದಕ್ಕೆ ಬೆರೆಸಿದ್ದು ಅರಿಸಿನ, ನೀಲಿಯಂಥ ಸಸ್ಯಬಣ್ಣವೋ, ರಾಸಾಯನಿಕ ಪುಡಿಯೋ ಎಂಬುದೇ ಮುಖ್ಯ. ಕೆಲವು ಅಗ್ಗದ ಹಳದಿ, ಕೆಂಪು ಪುಡಿಗಳಲ್ಲಿ ಸೀಸವಿರುತ್ತದೆ. ಮಗುವಾದರೋ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಸಸ್ಯಬಣ್ಣಕ್ಕೆ ಖರ್ಚು ಹೆಚ್ಚು, ಛಾಯೆಗಳು ಕಡಿಮೆ. ಆದ್ದರಿಂದಲೇ ಪುಡಿಯ ಆಸೆ.

2021ರ ಜನವರಿಯಿಂದ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳ ಕೈಗೆಲಸಕ್ಕೆ ವಿನಾಯಿತಿ ದೊರೆಯಿತು. ಇದರಿಂದ ಬಡ ಕೆಲಸಗಾರನಿಗೆ ಪರೀಕ್ಷೆಯ ವೆಚ್ಚ ತಪ್ಪಿತೇ ಹೊರತು ಹೊಣೆ ತಪ್ಪಲಿಲ್ಲ. ಕೊಳ್ಳುವವರು ಬೆಲೆಯೊಂದಿಗೆ ಬಣ್ಣ ಯಾವುದೆಂದೂ ವಿಚಾರಿಸಿದರೆ, ಅರಗಿಗೆ ಅರಿಸಿನ ಬೆರೆಸುವ ಕೈಗಳಿಗೆ ಕೆಲಸ ಉಳಿದೀತು.