ತರಕಾರಿ ಸಿಪ್ಪೆಯಿಂದ ನ್ಯಾನೋ ನಾರು: ಉದ್ಯಮಿಗಳು ಮೊದಲು ಹಾಕಬೇಕಾದ ಲೆಕ್ಕ

ಅಡುಗೆಮನೆಯಿಂದ ನಿತ್ಯ ಹೊರಬೀಳುವ ಕ್ಯಾರೆಟ್, ಬೀಟ್‌ರೂಟ್ ಸಿಪ್ಪೆಗಳಲ್ಲಿ ಸೆಲ್ಯುಲೋಸ್ ಎಂಬ ಸಸ್ಯನಾರು ಹುದುಗಿದೆ. ಈ ನಾರನ್ನು ಕೆಲವೇ ಹತ್ತು ನ್ಯಾನೋಮೀಟರ್ ದಪ್ಪದ ಎಳೆಗಳಾಗಿ ಬಿಡಿಸಿದಾಗ ದೊರೆಯುವುದೇ ನ್ಯಾನೋಸೆಲ್ಯುಲೋಸ್. ಬಣ್ಣವನ್ನು ಮಂದಗೊಳಿಸಲು, ಕಾಗದಕ್ಕೆ ಬಲ ನೀಡಲು ಇದು ಉಪಯುಕ್ತ. ಅಮೆರಿಕದ ಐಟಿಟಿ ರೇಯಾನಿಯರ್ ಸಂಸ್ಥೆಯ ಟರ್ಬಾಕ್ ಮತ್ತು ಸಂಗಡಿಗರು ಮರದ ತಿರುಳಿನಿಂದ ಇದನ್ನು ಪಡೆದ ವಿಧಾನವನ್ನು 1983ರಲ್ಲಿ ಪ್ರಕಟಿಸಿದರು. ಆದರೆ ಆ ವಿಧಾನಕ್ಕೆ ಟನ್ನಿಗೆ 20,000 ಯೂನಿಟ್‌ಗೂ ಮೀರಿ ವಿದ್ಯುತ್ ಬೇಕಾದುದರಿಂದ ಉದ್ಯಮಗಳು ಬಹುಕಾಲ ಇದರತ್ತ ಸುಳಿಯಲಿಲ್ಲ.

ಸಿಪ್ಪೆಯ ಅನುಕೂಲ ಇರುವುದು ಇಲ್ಲಿಯೇ. ಮರದಲ್ಲಿ ಎಳೆಗಳನ್ನು ಬಿಗಿದಿಡುವ ಲಿಗ್ನಿನ್ ಸುಮಾರು ಕಾಲುಭಾಗದಷ್ಟಿರುತ್ತದೆ; ಗೆಡ್ಡೆ ತರಕಾರಿಗಳ ತೆಳುವಾದ ಕೋಶಭಿತ್ತಿಯಲ್ಲಿ ಅದು ಅತ್ಯಲ್ಪ. ಆದ್ದರಿಂದ ಎಳೆಗಳು ಕಡಿಮೆ ಶ್ರಮದಿಂದ ಬಿಡಿಯಾಗುತ್ತವೆ. ಈ ಗುಣವನ್ನು ನೆಚ್ಚಿಕೊಂಡು ಸ್ಕಾಟ್ಲೆಂಡಿನಲ್ಲಿ ಡೇವಿಡ್ ಹೆಪ್‌ವರ್ತ್ ಮತ್ತು ಎರಿಕ್ ವೇಲ್ ಎಂಬ ವಿಜ್ಞಾನಿಗಳು 2004ರಲ್ಲಿ ಸೆಲ್ಯುಕಾಂಪ್ ಸಂಸ್ಥೆಯನ್ನು ಆರಂಭಿಸಿದರು. ಕ್ಯಾರೆಟ್ ನಾರಿನಿಂದ ಅವರು ಮೊದಲು ತಯಾರಿಸಿದ್ದು ಮೀನು ಹಿಡಿಯುವ ಗಾಳದ ಕೋಲು! ಮುಂದೆ ಬಣ್ಣದ ಉದ್ಯಮಕ್ಕೆ ಹೊರಳಿ, ಸಕ್ಕರೆ ಬೀಟ್‌ನ ಹಿಂಡಿಯನ್ನು ಕಚ್ಚಾವಸ್ತುವಾಗಿಸಿಕೊಂಡರು. ಅವರು ಬಳಸಿದ್ದು ಕಾರ್ಖಾನೆಗಳಲ್ಲಿ ಉಳಿಯುವ ಒಂದೇ ಬಗೆಯ ತ್ಯಾಜ್ಯವನ್ನು, ಮನೆಮನೆಯ ಮಿಶ್ರ ಕಸವನ್ನಲ್ಲ ಎಂಬುದು ಗಮನಾರ್ಹ.

ಕಸ ಪುಕ್ಕಟೆ ಸಿಗುತ್ತದೆ, ಆದ್ದರಿಂದ ಲಾಭ ಖಚಿತ ಎಂಬ ಎಣಿಕೆ ದಾರಿ ತಪ್ಪಿಸುವಂಥದು. ಹಸಿ ಸಿಪ್ಪೆಯಲ್ಲಿ ಶೇ. 85ರಿಂದ 90ರಷ್ಟು ನೀರೇ ಇರುತ್ತದೆ. ಒಂದು ಟನ್ ಸಾಗಿಸಿದರೆ ದೊರೆಯುವ ಒಣ ಅಂಶ 100ರಿಂದ 150 ಕಿಲೋ. ಅದರಲ್ಲಿಯೂ ಸೆಲ್ಯುಲೋಸ್ ಒಂದು ಪಾಲು ಮಾತ್ರ. ಅನ್ನ, ಎಣ್ಣೆ, ಪ್ಲಾಸ್ಟಿಕ್ ಬೆರೆತರೆ ಬೇರ್ಪಡಿಸುವ ಕೂಲಿಯೇ ಹೊರೆಯಾಗುತ್ತದೆ. ಪೆಕ್ಟಿನ್ ಮೊದಲಾದವನ್ನು ತೆಗೆಯಲು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದ ಬಳಿಕ ಉಳಿಯುವ ಕ್ಷಾರಯುಕ್ತ ನೀರನ್ನು ಶುದ್ಧೀಕರಿಸದೆ ಚರಂಡಿಗೆ ಬಿಡುವಂತಿಲ್ಲ. ಈ ವೆಚ್ಚವನ್ನು ಯೋಜನಾ ವರದಿಯಲ್ಲಿ ಆರಂಭದಲ್ಲಿಯೇ ಕಾಣಿಸಬೇಕು.

ಇನ್ನೊಂದು ತೊಡಕು ಒಣಗಿಸುವುದು. ಶೇ. 2ರಷ್ಟು ನಾರಿದ್ದರೂ ಸಾಕು, ನೀರು ಗಂಜಿಯಂತೆ ಗಟ್ಟಿಯಾಗುತ್ತದೆ. ಅದನ್ನು ಸುಮ್ಮನೆ ಒಣಗಿಸಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಮತ್ತೆ ನೀರು ಬೆರೆಸಿದರೂ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಒಣಗಿಸದೆ ದೂರ ಸಾಗಿಸಿದರೆ ನೀರಿಗೇ ಬಾಡಿಗೆ ತೆತ್ತಂತೆ. ಆದಕಾರಣ ಸಣ್ಣ ಉದ್ಯಮಿಗಳಿಗೆ ಹತ್ತಿರದ ಬಣ್ಣ ಅಥವಾ ಕಾಗದದ ಕಾರ್ಖಾನೆಗೆ ಹಸಿ ಮುದ್ದೆಯ ರೂಪದಲ್ಲಿಯೇ ಪೂರೈಸುವುದು ಹೆಚ್ಚು ಸೂಕ್ತವೆಂದು ತೋರುತ್ತದೆ.

ನಮ್ಮಲ್ಲಿ ಬೃಹತ್ ಅಡುಗೆಮನೆಗಳು, ಹಣ್ಣಿನ ರಸದ ಘಟಕಗಳು, ಕಲ್ಯಾಣ ಮಂಟಪಗಳಿಂದ ಬಗೆವಾರು ಸಿಪ್ಪೆ ಪಡೆಯುವುದು ಬೀದಿ ಬೀದಿಯ ಕಸಕ್ಕಿಂತ ಸುಲಭ. ತಂತ್ರಜ್ಞಾನಕ್ಕಾಗಿ ವಿದೇಶದತ್ತಲೇ ನೋಡಬೇಕಿಲ್ಲ. ಮುಂಬೈನ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು 2015ರಲ್ಲಿಯೇ ನ್ಯಾನೋಸೆಲ್ಯುಲೋಸ್ ಪ್ರಾಯೋಗಿಕ ಘಟಕವನ್ನು ಸ್ಥಾಪಿಸಿದೆ. ಅಲ್ಲಿನ ಅನುಭವ ಹತ್ತಿಯ ನಾರಿನದು. ಸಿಪ್ಪೆಗೆ ಪ್ರತ್ಯೇಕ ಪರೀಕ್ಷೆ ಅಗತ್ಯ. ಯಂತ್ರಗಳಿಗೆ ಬೇಡಿಕೆ ಸಲ್ಲಿಸುವ ಮುನ್ನ, ಮುದ್ದೆಯ ಮಾದರಿಯನ್ನು ಕೊಳ್ಳುವ ಕಾರ್ಖಾನೆಗೆ ನೀಡಿ, ಅವರ ಸ್ವೀಕೃತಿಯನ್ನು ಲಿಖಿತವಾಗಿ ಪಡೆಯುವುದು ಒಳಿತು.