ಖಂಡನೆಗೆ ಗುರಿಯಾದ ನಿರ್ದೇಶಕ, ಧರ್ಮಸಭೆ ಮೆಚ್ಚಿದ ಚಿತ್ರಗಳು

ಚಲನಚಿತ್ರ ಕಲೆಗೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಮಾಧ್ಯಮಗಳ ಪರಿಷತ್ತು 45 ಶ್ರೇಷ್ಠ ಚಿತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳು. ಒಂದೊಂದರಲ್ಲಿ 15 ಚಿತ್ರಗಳು. ಧರ್ಮದ ವಿಭಾಗದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಕುರಿತ 1950ರ ಚಿತ್ರವೊಂದಿದೆ. ಮೌಲ್ಯಗಳ ವಿಭಾಗದಲ್ಲಿ 'ರೋಮ್, ತೆರೆದ ನಗರ' ಎಂಬ 1945ರ ಚಿತ್ರವಿದೆ. ಎರಡನ್ನೂ ನಿರ್ದೇಶಿಸಿದವರು ಇಟಲಿಯ ರೊಬರ್ಟೊ ರೊಸೆಲಿನಿ.

ಇದೇ ರೊಸೆಲಿನಿಯವರ ಮತ್ತೊಂದು ಚಿತ್ರವನ್ನು ಕಥೋಲಿಕರಾರೂ ನೋಡಕೂಡದೆಂದು 1951ರ ಜನವರಿಯಲ್ಲಿ ನ್ಯೂಯಾರ್ಕಿನ ಕಾರ್ಡಿನಲ್ ಫ್ರಾನ್ಸಿಸ್ ಸ್ಪೆಲ್ಮನ್ ಕರೆಯಿತ್ತಿದ್ದರು. ಚಿತ್ರಮಂದಿರದ ಮುಂದೆ ವಿಶ್ವಾಸಿಗಳು ಫಲಕ ಹಿಡಿದು ಪ್ರತಿಭಟಿಸಿದ್ದರು. ಒಬ್ಬರೇ ವ್ಯಕ್ತಿಯನ್ನು ಕುರಿತು ಧರ್ಮಸಭೆಯ ಒಳಗಿನಿಂದಲೇ ಇಷ್ಟು ಭಿನ್ನವಾದ ಎರಡು ಮಾತುಗಳು ಹೊರಟದ್ದು ಹೇಗೆ? ಮನೆಯ ಪರದೆಯ ಮೇಲೆ ಮಕ್ಕಳು ಏನನ್ನು ನೋಡಬೇಕು, ಏನನ್ನು ನೋಡಬಾರದು ಎಂದು ಪ್ರತಿನಿತ್ಯವೂ ತೀರ್ಮಾನಿಸಬೇಕಾದ ನಮ್ಮ ಕುಟುಂಬಗಳಿಗೆ ಇದು ದೂರದ ಪ್ರಶ್ನೆಯಲ್ಲ. ಆದುದರಿಂದ ಈ ವಾರ ಈ ನಿರ್ದೇಶಕರ ಬಾಳಿನ ದಾರಿಯನ್ನು ಅವಲೋಕಿಸೋಣ.

ಯುದ್ಧದ ಬೂದಿಯಿಂದ

ರೊಸೆಲಿನಿ ಜನಿಸಿದ್ದು 1906ರ ಮೇ 8ರಂದು, ರೋಮ್ ನಗರದಲ್ಲಿ. ತಂದೆ ಕಟ್ಟಡ ನಿರ್ಮಾಪಕರು. ಆ ನಗರದಲ್ಲಿ ಚಿತ್ರಮಂದಿರವೊಂದನ್ನೂ ಕಟ್ಟಿದ್ದರು. ಹೀಗಾಗಿ ಬಾಲಕ ರೊಬರ್ಟೊಗೆ ಸಿನಿಮಾ ನೋಡಲು ಟಿಕೇಟಿನ ಹಂಗಿರಲಿಲ್ಲ. ಮುಸೊಲಿನಿಯ ಆಳ್ವಿಕೆಯಲ್ಲಿ, 1941ರಿಂದ 1943ರ ನಡುವೆ, ಸರ್ಕಾರದ ಯುದ್ಧಪ್ರಚಾರಕ್ಕೆ ಒದಗಿದ ಮೂರು ಚಿತ್ರಗಳನ್ನು ಅವರು ತಯಾರಿಸಿದರು. ಅವುಗಳಲ್ಲಿ ಕೊನೆಯದರ ನಾಯಕ, ರಷ್ಯದ ರಣರಂಗದಲ್ಲಿ ಗಾಯಾಳುಗಳ ಜೊತೆ ಉಳಿದ ಸೈನಿಕರ ಧರ್ಮಗುರು. ಈ ಚಿತ್ರಗಳ ಕಳಂಕ ಅವರ ಹೆಸರಿಗೆ ಅಂಟಿಕೊಂಡೇ ಉಳಿಯಿತು.

1944ರ ಜೂನ್ 4ರಂದು ರೋಮ್ ನಾಜಿಗಳ ಹಿಡಿತದಿಂದ ಬಿಡುಗಡೆಯಾಯಿತು. ಉತ್ತರ ಇಟಲಿಯಲ್ಲಿ ಯುದ್ಧವಿನ್ನೂ ನಡೆಯುತ್ತಿದ್ದಾಗಲೇ, 1945ರ ಜನವರಿಯಲ್ಲಿ, ರೊಸೆಲಿನಿ 'ರೋಮ್, ತೆರೆದ ನಗರ'ದ ಚಿತ್ರೀಕರಣವನ್ನಾರಂಭಿಸಿದರು. ಹಣವಿಲ್ಲ, ವಿದ್ಯುತ್ತಿಗೆ ಭರವಸೆಯಿಲ್ಲ, ಫಿಲ್ಮ್ ಸುರುಳಿಗೂ ತತ್ವಾರ. ಇದರ ಕಥಾನಾಯಕ ದೊನ್ ಪಿಯೆತ್ರೊ ಎಂಬ ಸಾಮಾನ್ಯ ಧರ್ಮಕೇಂದ್ರದ ಗುರು. ನಾಜಿಗಳಿಗೆ ಕಥೋಲಿಕರೊಬ್ಬರೇ ಅಲ್ಲ, ಕಮ್ಯುನಿಸ್ಟರೂ ಶತ್ರುಗಳು. ಗುರುವು ಇಬ್ಬರಿಗೂ ಆಶ್ರಯ ನೀಡುತ್ತಾನೆ, ಸೆರೆಸಿಕ್ಕುತ್ತಾನೆ, ಸಂಗಾತಿಯ ಚಿತ್ರಹಿಂಸೆಯನ್ನು ಕಣ್ಣಾರೆ ಕಾಣಬೇಕಾಗುತ್ತದೆ. ಚೆನ್ನಾಗಿ ಸಾಯುವುದು ಕಷ್ಟವಲ್ಲ, ಚೆನ್ನಾಗಿ ಬಾಳುವುದೇ ಕಷ್ಟ ಎಂಬರ್ಥದ ಮಾತನ್ನಾಡಿ ಗುಂಡಿಗೆ ಎದೆಯೊಡ್ಡುತ್ತಾನೆ. ಬೇಲಿಯಾಚೆ ನಿಂತು ನೋಡಿದ ಅವನ ಧರ್ಮಕೇಂದ್ರದ ಹುಡುಗರು ತಲೆ ತಗ್ಗಿಸಿ ನಗರದತ್ತ ಮರಳುತ್ತಾರೆ. ದೂರದಲ್ಲಿ ಸಂತ ಪೇತ್ರರ ಮಹಾದೇವಾಲಯದ ಗುಮ್ಮಟ ಕಾಣುತ್ತದೆ.

ಇದು ಬರಿಯ ಕಲ್ಪನೆಯಲ್ಲ. ಫಾದರ್ ಪಿಯೆತ್ರೊ ಪಪ್ಪಗಲ್ಲೊ ಅವರನ್ನು 1944ರ ಮಾರ್ಚ್ 24ರಂದು ಅರ್ದೆಯಾತಿನೆ ಗುಹೆಗಳಲ್ಲಿ ಕೊಲ್ಲಲಾಯಿತು. ಅಂದು ಅಲ್ಲಿ ಹತರಾದವರು 335 ಮಂದಿ. ಫಾದರ್ ಜುಸೆಪ್ಪೆ ಮೊರೊಸಿನಿಯವರನ್ನು ಅದೇ ವರ್ಷದ ಏಪ್ರಿಲ್ 3ರಂದು ಗುಂಡಿಟ್ಟು ಕೊಲ್ಲಲಾಯಿತು. ಈ ಇಬ್ಬರು ಗುರುಗಳ ಬಾಳನ್ನು ಆಧರಿಸಿ ದೊನ್ ಪಿಯೆತ್ರೊ ಪಾತ್ರ ರೂಪುಗೊಂಡಿತು. ಅದನ್ನು ಅಭಿನಯಿಸಿದ ಆಲ್ದೊ ಫಾಬ್ರಿಸಿ ಅಲ್ಲಿಯವರೆಗೆ ಹಾಸ್ಯನಟರೆಂದೇ ಪ್ರಸಿದ್ಧರು. 1946ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಬಹುಮಾನವನ್ನು ಹಂಚಿಕೊಂಡ ಚಿತ್ರಗಳಲ್ಲಿ ಇದೂ ಒಂದಾಯಿತು.

ಅದೇ 1946ರಲ್ಲಿ ರೊಸೆಲಿನಿಯವರ ಒಂಬತ್ತು ವರ್ಷದ ಮಗ ರೊಮಾನೊ ತೀರಿಕೊಂಡನು. ಪಾಳುಬಿದ್ದ ಬರ್ಲಿನ್ನಿನಲ್ಲಿ ದಾರಿಗಾಣದೆ ಪ್ರಾಣ ಕಳೆದುಕೊಳ್ಳುವ ಬಾಲಕನ ಕಥೆಯಾದ 'ಜರ್ಮನಿ, ಶೂನ್ಯ ವರ್ಷ'ವನ್ನು ತಂದೆ ಆ ಮಗನ ನೆನಪಿಗೆ ಅರ್ಪಿಸಿದರು.

ಖಂಡನೆಯ ದಿನಗಳು

1948ರಲ್ಲಿ ಬಂದ 'ಪವಾಡ' ಎಂಬ ಕಿರುಚಿತ್ರವೇ ನಾವು ಮೊದಲು ಹೇಳಿದ ವಿವಾದಕ್ಕೆ ಕಾರಣ. ಆಡು ಕಾಯುವ ಮುಗ್ಧೆಯೊಬ್ಬಳು ದಾರಿಹೋಕನನ್ನು ಸಂತ ಜೋಸೆಫರೆಂದು ಭಾವಿಸಿ ಮೋಸಹೋಗುತ್ತಾಳೆ. ಗರ್ಭವತಿಯಾಗಿ, ಅದು ದೇವರ ವರವೆಂದು ನಂಬುತ್ತಾಳೆ. ಊರ ಜನರ ಗೇಲಿಗೆ ಗುರಿಯಾದ ಆಕೆ ಬೆಟ್ಟದ ಮೇಲಿನ ಗುಡಿಯ ಆವರಣದಲ್ಲಿ ಒಬ್ಬಳೇ ಹೆರುತ್ತಾಳೆ. ಮರಿಯ ಮಾತೆಯ ಮೇಲಿನ ಭಕ್ತಿಯಲ್ಲಿ ಬೆಳೆದವರಿಗೆ ಇದು ನೋವುಂಟುಮಾಡಿದ್ದು ಸಹಜ. ಆದರೆ ಇದು ದೇವನಿಂದೆಯೋ, ನಂಬುವ ಬಡವಿಯೊಬ್ಬಳನ್ನು ನಿಂದಿಸುವ ಊರಿನ ನಿರ್ದಯತೆಯ ಚಿತ್ರಣವೋ ಎಂದು ಅಂದಿನ ಕಥೋಲಿಕ ಲೇಖಕರಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಮೊಕದ್ದಮೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಧರ್ಮನಿಂದೆಯೆಂಬ ಕಾರಣ ನೀಡಿ ಸರ್ಕಾರವು ಚಿತ್ರವೊಂದನ್ನು ತಡೆಯಲಾಗದೆಂದು 1952ರಲ್ಲಿ ತೀರ್ಪಾಯಿತು. ಆ ದೇಶದಲ್ಲಿ ಚಲನಚಿತ್ರಕ್ಕೆ ವಾಕ್‌ಸ್ವಾತಂತ್ರ್ಯದ ರಕ್ಷಣೆ ದೊರೆತದ್ದು ಈ ತೀರ್ಪಿನಿಂದ.

ಇಷ್ಟರಲ್ಲಿ ಮತ್ತೊಂದು ಅಪವಾದ ಹಬ್ಬಿತ್ತು. ಸನ್ಯಾಸಿನಿಯಾಗಿ, ಸಂತ ಜೋನ್ ಆಫ್ ಆರ್ಕ್ ಆಗಿ ತೆರೆಯ ಮೇಲೆ ಕಾಣಿಸಿಕೊಂಡಿದ್ದ ಇಂಗ್ರಿಡ್ ಬರ್ಗ್‌ಮನ್ ತಮ್ಮ ಪತಿಯನ್ನೂ ಮಗಳನ್ನೂ ತೊರೆದು ರೊಸೆಲಿನಿಯವರ ಜೊತೆ ಬಾಳತೊಡಗಿದ್ದರು. 1950ರಲ್ಲಿ ಮಗು ಹುಟ್ಟಿದ ಬಳಿಕ ವಿವಾಹವಾಯಿತು. ಅಮೆರಿಕದ ಸೆನೆಟ್ ಸಭೆಯಲ್ಲಿಯೂ ಇದು ಖಂಡನೆಗೊಳಗಾಯಿತು. ಈ ನಡತೆಯನ್ನು ನಾವು ಸಮರ್ಥಿಸುವುದಿಲ್ಲ. ಅದರಿಂದ ಎರಡು ಕುಟುಂಬಗಳು ಒಡೆದವು. ನೊಂದ ಮಕ್ಕಳು ಕಥೆಯ ಮಕ್ಕಳಲ್ಲ.

ಸಂತರ ಪಾತ್ರದಲ್ಲಿ ಸನ್ಯಾಸಿಗಳು

ಆಶ್ಚರ್ಯವೆಂದರೆ, ಅಪವಾದವು ಉತ್ತುಂಗದಲ್ಲಿದ್ದ ಅದೇ 1950ರಲ್ಲಿ ಸಂತ ಫ್ರಾನ್ಸಿಸರ ಚಿತ್ರವು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಚಿತ್ರಕಥೆಯಲ್ಲಿ ಫೆಡರಿಕೊ ಫೆಲಿನಿ ಪಾಲುಗೊಂಡಿದ್ದರು. ದೊಮಿನಿಕನ್ ಸಭೆಯ ಫಾದರ್ ಫೆಲಿಕ್ಸ್ ಮೊರ್ಲಿಯೊನ್ ನೆರವಾಗಿದ್ದರು. ಸಂತರ ಮತ್ತು ಅವರ ಸಂಗಡಿಗರ ಪಾತ್ರಗಳಿಗೆ ನಟರನ್ನು ಹುಡುಕದೆ, ನೊಚೆರಾ ಇನ್ಫೆರಿಯೊರೆ ಮಠದ ಫ್ರಾನ್ಸಿಸ್ಕನ್ ಸನ್ಯಾಸಿಗಳನ್ನೇ ರೊಸೆಲಿನಿ ಆರಿಸಿಕೊಂಡರು. ಸಂತ ಫ್ರಾನ್ಸಿಸರಾಗಿ ಕಾಣಿಸಿಕೊಂಡವರು ಬ್ರದರ್ ನಜಾರಿಯೊ ಜೆರಾರ್ದಿ.

ಇಲ್ಲಿ ಪವಾಡಗಳ ಆಡಂಬರವಿಲ್ಲ. ಸುರಿವ ಮಳೆಯಲ್ಲಿ ನೆನೆದು ಬಂದ ಸಹೋದರರನ್ನು ರೈತನೊಬ್ಬ ಅವರದೇ ಗುಡಿಸಲಿನಿಂದ ಹೊರದಬ್ಬುತ್ತಾನೆ; ತಮ್ಮಿಂದ ಒಬ್ಬನಿಗೆ ಉಪಯೋಗವಾಯಿತಲ್ಲ ಎಂದು ಅವರು ಹಿಗ್ಗುತ್ತಾರೆ. ರಾತ್ರಿಯ ಮೌನದಲ್ಲಿ ಸಂತರು ಕುಷ್ಠರೋಗಿಯೊಬ್ಬನನ್ನು ಹಿಂಬಾಲಿಸಿ ಅಪ್ಪಿಕೊಳ್ಳುತ್ತಾರೆ. ಅವನು ಹೊರಟುಹೋದ ಮೇಲೆ ಹುಲ್ಲಿನ ಮೇಲೆ ಬಿದ್ದು ಅಳುತ್ತಾರೆ. ಒಂದು ಮಾತೂ ಇಲ್ಲ. ಕೊನೆಯಲ್ಲಿ, ಶುಭಸಂದೇಶ ಸಾರಲು ಯಾರು ಯಾವ ಕಡೆ ಹೋಗಬೇಕೆಂದು ತಿಳಿಯದೆ, ಎಲ್ಲರೂ ಮಕ್ಕಳಂತೆ ಗಿರಗಿರನೆ ತಿರುಗಿ ತಲೆಸುತ್ತಿ ಬೀಳುತ್ತಾರೆ. ಬಿದ್ದಾಗ ಮುಖವಿದ್ದ ದಿಕ್ಕಿಗೆ ಒಬ್ಬೊಬ್ಬರೂ ಹೊರಡುತ್ತಾರೆ. ಅಂದು ಚಿತ್ರಕ್ಕೆ ಜನ ಸೇರಲಿಲ್ಲ. ವ್ಯಾಟಿಕನ್ನಿನ ಪಟ್ಟಿಯಲ್ಲಿ ಸೇರಿದ್ದು ಇದೇ ಚಿತ್ರ.

ಎರಡು ವರ್ಷಗಳ ಬಳಿಕ ಬಂದ 'ಯೂರೋಪ್ 51'ರಲ್ಲಿ, ಮಗನನ್ನು ಕಳೆದುಕೊಂಡ ಶ್ರೀಮಂತ ತಾಯಿಯೊಬ್ಬಳು ಬಡವರ ಕೇರಿಯಲ್ಲಿ ಸೇವೆಗಿಳಿಯುತ್ತಾಳೆ. ಬಂಧುಗಳು ಆಕೆಯನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ. ಕಿಟಕಿಯ ಕೆಳಗೆ ನಿಂತ ಬಡವರು ಆಕೆಯನ್ನು ಸಂತಳೆನ್ನುತ್ತಾರೆ. ಮಗನನ್ನು ಕಳೆದುಕೊಂಡಿದ್ದ ತಂದೆ ಮಾಡಿದ ಚಿತ್ರವಿದೆಂಬುದನ್ನು ನಾವು ಮರೆಯಲಾಗದು.

ಭಾರತದಿಂದ ಕಿರುತೆರೆಗೆ

ಪ್ರಧಾನಿ ನೆಹರೂ ಅವರ ಆಹ್ವಾನದಂತೆ 1956ರ ಡಿಸೆಂಬರಿನಲ್ಲಿ ರೊಸೆಲಿನಿ ಭಾರತಕ್ಕೆ ಬಂದರು. 1959ರಲ್ಲಿ ಕಾನ್‌ನಲ್ಲಿ ಪ್ರದರ್ಶನಗೊಂಡ 'ಇಂಡಿಯಾ' ಚಿತ್ರದ ಮೊದಲ ಕಥೆ ನಮ್ಮ ಕಾರಾಪುರದ ಕಾಡಿನದು: ಆನೆಗಳ ದಿನಚರಿ, ಮಾವುತನೊಬ್ಬನ ಮದುವೆ. ಇನ್ನೊಂದು ಕಥೆ ಹಿರಾಕುಡ್ ಅಣೆಕಟ್ಟಿನ ಕಾರ್ಮಿಕನದು. ಇಲ್ಲಿ ಚಿತ್ರೀಕರಿಸಿದ ಸಾಮಗ್ರಿಯಿಂದ ಇಟಲಿಯ ಟೆಲಿವಿಷನ್ನಿಗಾಗಿ ಹತ್ತು ಕಂತುಗಳನ್ನೂ ಸಿದ್ಧಪಡಿಸಿದರು. ಆದರೆ ಇಲ್ಲಿಯೂ ವಿವಾಹಿತ ಮಹಿಳೆಯೊಬ್ಬರೊಡನೆ ಅವರ ಸಂಬಂಧ ಬೆಳೆದು ದೊಡ್ಡ ಅಪವಾದವಾಯಿತು. ಬರ್ಗ್‌ಮನ್ ಅವರೊಂದಿಗಿನ ದಾಂಪತ್ಯ 1957ರಲ್ಲಿ ಮುರಿಯಿತು.

1960ರ ದಶಕದ ಆರಂಭದಲ್ಲಿ, ಸಿನಿಮಾ ಸತ್ತಿದೆಯೆಂದು ಸಾರಿ ರೊಸೆಲಿನಿ ಕಿರುತೆರೆಯತ್ತ ತಿರುಗಿದರು. ಸಾಮಾನ್ಯ ಜನರ ಮನೆಮನೆಗೆ ಜ್ಞಾನವನ್ನು ಮುಟ್ಟಿಸಲು ಟೆಲಿವಿಷನ್ನಿನಂಥ ಸಾಧನ ಇನ್ನೊಂದಿಲ್ಲವೆಂಬುದು ಅವರ ದೃಢ ನಂಬಿಕೆ. ಹಣ ಕಡಿಮೆ, ತಾರೆಯರಿಲ್ಲ. 1966ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ರಾಜನಾಗಿ ನಟಿಸಿದವರು ಸಾಮಾನ್ಯ ಗುಮಾಸ್ತರು. ಮಾತುಗಳು ನೆನಪಿನಲ್ಲಿ ನಿಲ್ಲದೆ, ಹಲಗೆಯ ಮೇಲೆ ಬರೆದಿಟ್ಟದ್ದನ್ನು ಓದಿದರು. ಆ ಅಳುಕೇ ಹೊಸ ರಾಜನ ಅಳುಕಾಗಿ ಕಂಡಿತು!

1969ರಲ್ಲಿ 'ಪ್ರೇಷಿತರ ಕಾರ್ಯಕಲಾಪಗಳು' ಐದು ಭಾಗಗಳಲ್ಲಿ ಪ್ರಸಾರವಾಯಿತು. 1972ರಲ್ಲಿ ಪಾಸ್ಕಲ್ ಮತ್ತು ಸಂತ ಅಗಸ್ಟೀನರನ್ನು ಕುರಿತ ಚಿತ್ರಗಳು ಬಂದವು. 1975ರ 'ಮೆಸ್ಸೀಯ' ಅವರ ಕೊನೆಯ ಕಥಾಚಿತ್ರ. ಇದಕ್ಕೆ ಬಂಡವಾಳ ಒದಗಿಸಿದವರಲ್ಲಿ ಫಾದರ್ ಪ್ಯಾಟ್ರಿಕ್ ಪೇಟನ್ ಅವರ ಸಂಸ್ಥೆಯೂ ಒಂದು. ಒಟ್ಟಾಗಿ ಪ್ರಾರ್ಥಿಸುವ ಕುಟುಂಬ ಒಟ್ಟಾಗಿ ಉಳಿಯುತ್ತದೆಂದು ಜಗತ್ತಿನಾದ್ಯಂತ ಸಾರಿ, ಮನೆಮನೆಯಲ್ಲಿ ಜಪಸರ ಪ್ರಾರ್ಥನೆಯನ್ನು ಬೆಳೆಸಿದ ಆ ಗುರುಗಳ ಹೆಸರು ನಮ್ಮ ಹಿರಿಯರಿಗೆ ಚಿರಪರಿಚಿತ. ಎರಡು ಬಾರಿ ಮನೆ ಮುರಿದುಕೊಂಡ ನಿರ್ದೇಶಕನೂ ಕುಟುಂಬ ಪ್ರಾರ್ಥನೆಯ ಪ್ರೇಷಿತನೂ ಒಂದೇ ಕೆಲಸಕ್ಕೆ ಕೈಜೋಡಿಸಿದ್ದು ಹೀಗೆ.

ನಮ್ಮಲ್ಲಿ ಬಹುಮಂದಿ ಬಲ್ಲದ್ದು ಜೆಫಿರೆಲ್ಲಿಯವರ 1977ರ 'ನಜರೇತಿನ ಯೇಸು' ಸರಣಿಯನ್ನು. ಅದರ ವೈಭವ 'ಮೆಸ್ಸೀಯ'ದಲ್ಲಿಲ್ಲ. ಇಲ್ಲಿ ಯೇಸುಸ್ವಾಮಿ ಬಡಗಿಯ ಕೆಲಸ ಮಾಡುತ್ತಲೇ ಸಾಮತಿಗಳನ್ನು ಹೇಳುತ್ತಾರೆ. ಅವರ ಬೋಧನೆಯನ್ನು ಶಿಷ್ಯರೂ ಮರಿಯ ಮಾತೆಯೂ ಸುತ್ತಲಿನವರಿಗೆ ದಾಟಿಸುತ್ತಾರೆ. ಶಿಲುಬೆಯ ಯಾತನೆಯನ್ನು ಬೆಳೆಸಿ ನಮ್ಮ ಕಣ್ಣೀರನ್ನು ಬೇಡುವುದಿಲ್ಲ. ನಂಬುವುದೂ ಬಿಡುವುದೂ ನೋಡುವವನ ಸ್ವಾತಂತ್ರ್ಯಕ್ಕೆ ಬಿಟ್ಟದ್ದು. ತಾವು ಆಚರಣೆಯುಳ್ಳ ವಿಶ್ವಾಸಿಯೆಂದು ರೊಸೆಲಿನಿ ಎಂದೂ ಹೇಳಿಕೊಳ್ಳಲಿಲ್ಲ. 1977ರ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಅಧ್ಯಕ್ಷತೆ ವಹಿಸಿ ಮರಳಿದ ಕೆಲವೇ ದಿನಗಳಲ್ಲಿ, ಜೂನ್ 3ರಂದು, ಹೃದಯಾಘಾತದಿಂದ ರೋಮಿನಲ್ಲಿ ನಿಧನರಾದರು.

ನಾವು ಕಲಿಯುವುದೇನು?

ರೊಸೆಲಿನಿಯವರ ತಪ್ಪುಗಳನ್ನು ಮುಚ್ಚಿಡಬೇಕಾಗಿಲ್ಲ. ಕಾರ್ಡಿನಲ್ ಸ್ಪೆಲ್ಮನ್ನರ ನೋವನ್ನು ಹಳಿಯಬೇಕಾಗಿಯೂ ಇಲ್ಲ. ಆದರೆ ಅಂದಿನ ಕೋಪದಲ್ಲಿ ಅವರ ಎಲ್ಲ ಚಿತ್ರಗಳಿಗೂ ಬಾಗಿಲು ಮುಚ್ಚಿದ್ದರೆ, ದೊನ್ ಪಿಯೆತ್ರೊ ಮತ್ತು ಅಸ್ಸಿಸಿಯ ಆ ಬಡ ಸಹೋದರರು ನಮಗೆ ದಕ್ಕುತ್ತಿರಲಿಲ್ಲ. ವ್ಯಕ್ತಿಯ ಪಾಪವನ್ನು ಪಾಪವೆಂದೇ ಕರೆದು, ಅವನ ಕೈಯಿಂದ ಬಂದ ಒಳಿತನ್ನು ಒಳಿತೆಂದೇ ಸ್ವೀಕರಿಸಲು ಧರ್ಮಸಭೆಗೂ ಕಾಲ ಹಿಡಿಯಿತು.

ಪೋಪ್ ಫ್ರಾನ್ಸಿಸರು 2013ರ ಸಂದರ್ಶನವೊಂದರಲ್ಲಿ ತಾವು ಪ್ರೀತಿಸಿದ ಚಿತ್ರಗಳಲ್ಲಿ 'ರೋಮ್, ತೆರೆದ ನಗರ'ವನ್ನೂ ಹೆಸರಿಸಿದ್ದರು. ಚಿತ್ರಗಳ ಪರಿಚಯ ತಮಗಾದದ್ದು, ತಮ್ಮನ್ನು ಆಗಾಗ ಸಿನಿಮಾಕ್ಕೆ ಕರೆದೊಯ್ಯುತ್ತಿದ್ದ ತಂದೆತಾಯಿಗಳಿಂದಲೇ ಎಂದು ಅವರು ಕೃತಜ್ಞತೆಯಿಂದ ಸ್ಮರಿಸಿದ್ದರು. ತಂದೆತಾಯಿಗಳು ಗಮನಿಸಬೇಕಾದ ಮಾತಿದು. ಇದನ್ನು ನೋಡಬೇಡ ಎಂದು ಹೇಳಬೇಕಾದ ಸಂದರ್ಭಗಳುಂಟು, ಹೇಳಲೇಬೇಕು. ಆದರೆ ಬಾ, ಇದನ್ನು ಒಟ್ಟಿಗೆ ನೋಡೋಣ ಎಂದು ನಾವು ನಮ್ಮ ಮಕ್ಕಳನ್ನು ಕೊನೆಯ ಬಾರಿ ಕರೆದದ್ದು ಯಾವಾಗ? ಈ ತಪಸ್ಸುಕಾಲದ ಒಂದು ಸಂಜೆ, ಜಪಸರವಾದ ಮೇಲೆ, ಮನೆಯವರೆಲ್ಲ ಕುಳಿತು ಸಂತ ಫ್ರಾನ್ಸಿಸರ ಆ ಚಿತ್ರವನ್ನು ನೋಡಬಹುದು. ಕುಷ್ಠರೋಗಿ ಬರುವ ದೃಶ್ಯ ಮುಗಿದಾಗ ಮಕ್ಕಳು ಏನು ಕೇಳುತ್ತಾರೆಂದು ಸಾವಧಾನವಾಗಿ ಆಲಿಸೋಣ.