ಹಿತ್ತಲ ಗಿಡವೂ ತಂಬುಳಿಯೂ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನರಿಯದ ಕನ್ನಡಿಗರು ವಿರಳ. ಕೈಗೆಟಕುವ ವಸ್ತುವಿಗೆ ಬೆಲೆ ಕೊಡದಿರುವ ಮನುಷ್ಯಸ್ವಭಾವವನ್ನು ಹಿರಿಯರು ಈ ಪುಟ್ಟ ಮಾತಿನಲ್ಲಿ ಹಳಿದಿರುವರು. ಈಚೆಗೆ ಗಾಳಿಯು ಎದುರು ದಿಕ್ಕಿಗೆ ಬೀಸತೊಡಗಿದೆ. ಹಿತ್ತಲಿನಲ್ಲಿರುವುದೆಲ್ಲವೂ ಮದ್ದೇ ಎಂಬ ವಾದವು ಮೊಬೈಲಿನ ಮೂಲಕ ಮನೆಮನೆಯನ್ನೂ ಹೊಕ್ಕಿದೆ. ಇವೆರಡರ ನಡುವೆ ಅಡಿಗೆಮನೆಯ ಮಾರ್ಗವೊಂದುಂಟು. ಎಲೆಯನ್ನು ಕಳೆಯೆಂದು ಕಿತ್ತೆಸೆಯದೆ, ಸಂಜೀವಿನಿಯೆಂದು ಪೂಜಿಸದೆ, ಆಹಾರವೆಂದು ಉಣ್ಣುವುದೇ ಆ ಮಾರ್ಗ. ಅದಕ್ಕೆ ತಂಬುಳಿಗಿಂತ ಒಳ್ಳೆಯ ನಿದರ್ಶನವಿಲ್ಲ.

ನಮ್ಮ ಮುಂಡಗೋಡವು ಮಲೆನಾಡೂ ಬಯಲುಸೀಮೆಯೂ ಕೈಹಿಡಿಯುವ ಸ್ಥಳ. ಹುಬ್ಬಳ್ಳಿಯ ಕಡೆಯಿಂದ ಜೋಳದ ರೊಟ್ಟಿಯೂ ಶಿರಸಿಯ ಕಡೆಯಿಂದ ಅನ್ನ ತಂಬುಳಿಗಳೂ ಬಂದು ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. 1966ರಲ್ಲಿ ಟಿಬೆಟಿಯರು ಇಲ್ಲಿ ನೆಲೆಸತೊಡಗಿದ ಮೇಲೆ ಥುಕ್ಪಾ, ಮೊಮೊಗಳೂ ನಮಗೆ ಪರಿಚಿತವಾದುವು. ಕಾಡಂಚಿನ ಗೌಳಿಗರು ಎಮ್ಮೆಗಳನ್ನು ಸಾಕುವುದರಿಂದ ಹಾಲುಮಜ್ಜಿಗೆ ಈ ಸೀಮೆಗೆ ಹೊಸತಲ್ಲ. ಇಷ್ಟಿದ್ದೂ ತಂಬುಳಿಯು ಅನೇಕ ಮನೆಗಳಲ್ಲಿ ಹಿರಿಯರ ಕೈಯಡಿಗೆಯಾಗಿ ಮಾತ್ರ ಉಳಿದುಕೊಂಡಿರುವುದನ್ನು ನಾವು ಕಾಣುತ್ತಿದ್ದೇವೆ. ಎಲೆಯ ಗುರುತು ಬಲ್ಲವರು ಕಡಿಮೆಯಾದಂತೆ ಅಡಿಗೆಯೂ ಕಡಿಮೆಯಾಗುವುದು ಸಹಜವೇ ಸರಿ.

ಹೆಸರಿನಲ್ಲಿಯೇ ಇದರ ಪಾಕವಿಧಿಯು ಅಡಗಿದೆ. ‘ತಣ್’ ಎಂದರೆ ತಂಪು. ‘ಪುಳಿ’ ಎಂಬುದು ಇಂದಿನ ಹುಳಿಯ ಹಳಗನ್ನಡ ರೂಪ. ಪಕಾರಕ್ಕೆ ಬಕಾರವು ಆದೇಶವಾಗಿ ತಂಬುಳಿಯಾಯಿತು. ತಂಪಾದ ಹುಳಿಯಾದ್ದರಿಂದ ಇದನ್ನು ಕುದಿಸತಕ್ಕದ್ದಲ್ಲ. ಹುಳಿಯಿರುವ ಮಜ್ಜಿಗೆಗೆ ಬಲವಾದ ಕಾವು ತಾಗಿದರೆ ಅದರೊಳಗಿನ ಸಸಾರಜನಕವು ಗಂಟುಕಟ್ಟಿ ನೀರು ಬೇರೆಯಾಗುವುದು. ಹುರಿದ ಪದಾರ್ಥವು ಪೂರ್ತಿಯಾಗಿ ಆರಿದ ಮೇಲೆಯೇ ಮಜ್ಜಿಗೆಯನ್ನು ಕೂಡಿಸಬೇಕೆಂಬ ಅಜ್ಜಿಯರ ಕಟ್ಟಳೆಗೆ ಕಾರಣವಿದು.

ನಾಲ್ವರಿಗೆ ಬೇಕಾದ ಒಂದೆಲಗದ ತಂಬುಳಿಯ ಕ್ರಮವನ್ನು ಹೇಳುವೆವು. ಒಂದೆಲಗದ ಎಲೆಯನ್ನು ಎಳೆಯ ದಂಟುಸಹಿತ ಎರಡು ಹಿಡಿಯಷ್ಟು ತಂದು, ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಇದು ನೆಲಕ್ಕೆ ಅಂಟಿ, ತೇವವಿರುವಲ್ಲಿ ಹಬ್ಬುವ ಬಳ್ಳಿ. ಚರಂಡಿಯ ಬದಿಯದನ್ನು ಎಂದಿಗೂ ತರಬೇಡಿರಿ. ಒಂದು ಚಮಚ ತುಪ್ಪದಲ್ಲಿ ಒಂದು ಚಮಚ ಜೀರಿಗೆ, 6–8 ಕಾಳುಮೆಣಸು ಹಾಕಿ, ಪರಿಮಳ ಬಂದೊಡನೆ ಎಲೆಯನ್ನು ಬಾಡಿಸಿರಿ. ಆರಿದ ಬಳಿಕ ಅರ್ಧ ಬಟ್ಟಲು ತೆಂಗಿನ ತುರಿಯೊಡನೆ ನುಣ್ಣಗೆ ರುಬ್ಬಿ, ಎರಡು ಬಟ್ಟಲು ಕಡೆದ ಮಜ್ಜಿಗೆಯನ್ನೂ ರುಚಿಗೆ ಉಪ್ಪನ್ನೂ ಬೆರೆಸಿರಿ. ತುಪ್ಪ, ಸಾಸಿವೆ, ಒಂದು ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಸಾಕು. ಮಜ್ಜಿಗೆಯು ಅತಿ ಹುಳಿಯಾಗಿದ್ದರೆ ತೆಂಗಿನ ತುರಿಯನ್ನು ಹೆಚ್ಚಿಸಿರಿ. ಅನ್ನಕ್ಕೆ ತೆಳ್ಳಗೆ, ರೊಟ್ಟಿಗೆ ತುಸು ಗಟ್ಟಿಯಾಗಿ ಮಾಡಿಕೊಳ್ಳಬಹುದು.

ಈ ಒಂದು ಕ್ರಮವನ್ನು ಕಲಿತ ಗೃಹಿಣಿಗೆ ಹತ್ತು ತಂಬುಳಿಗಳು ಕಲಿತಂತೆಯೇ. ದೊಡ್ಡಪತ್ರೆಯ ಘಾಟು ಹೋಗುವಂತೆ ಅದನ್ನು ಚೆನ್ನಾಗಿ ಬಾಡಿಸಬೇಕು. ಪೇರಲೆಯಾದರೆ ಎಳೆಯ ಚಿಗುರನ್ನೇ ಆಯಬೇಕು. ಮೆಂತ್ಯದ ಕಾಳು ಅರ್ಧ ಚಮಚ ಸಾಕು. ಹೊಂಬಣ್ಣಕ್ಕೆ ಹುರಿಯಬೇಕು, ಕಪ್ಪಾದರೆ ಕಹಿ. ಹಸಿರು ಒಣಗುವ ಬೇಸಗೆಯಲ್ಲಿ ಉಗುರಗಲದ ಒಣ ದಾಳಿಂಬೆ ಸಿಪ್ಪೆಯೋ ಬರಿಯ ಜೀರಿಗೆ ಮೆಣಸೋ ಎಲೆಯ ಸ್ಥಾನವನ್ನು ತುಂಬುವುವು. ತರಕಾರಿ ತಾರದ ದಿನವೂ ಊಟವು ಕಳೆಗುಂದದಿರಲು ಇಷ್ಟು ಸಾಕು.

ಇನ್ನು ಮದ್ದಿನ ಮಾತು. ಒಂದೆಲಗವು ಸಂಸ್ಕೃತದಲ್ಲಿ ಮಂಡೂಕಪರ್ಣೀ. ಬ್ರಾಹ್ಮಿಯೆಂದೂ ಇದನ್ನು ಕರೆಯುವರು. ನೀರಬ್ರಾಹ್ಮಿಯೆಂಬ ಬೇರೊಂದು ಗಿಡಕ್ಕೂ ಅದೇ ಹೆಸರಿದೆ. ಹೆಸರು ಕೇಳಿ ಗಿಡವನ್ನು ಕೀಳಬಾರದು. ಗಿಡವನ್ನು ಬಲ್ಲವರಿಂದ ಕಣ್ಣಾರೆ ಕಂಡು ಕಲಿಯಬೇಕು. ಇದನ್ನುಂಡರೆ ಜ್ಞಾಪಕಶಕ್ತಿಯು ಬೆಳೆಯುವುದೆಂದು ನಂಬಿ ಮಕ್ಕಳಿಗೆ ಬಲವಂತವಾಗಿ ಉಣಿಸುವವರುಂಟು. ಬಹುಕಾಲ ಪಾಠ ಹೇಳಿದ ನಮ್ಮ ಅನುಭವವಿಷ್ಟೇ: ತಂಬುಳಿಯುಂಡು ಓದಿದ ಮಗುವಿಗೆ ಪಾಠ ಬರುವುದು, ತಂಬುಳಿಯುಂಡು ಓದದ ಮಗುವಿಗೆ ಬಾರದು.

ಇದು ನಗೆಯ ಮಾತಾಯಿತು, ಮುಂದಿನದು ನಗೆಯದಲ್ಲ. ಮಗುವಿಗೆ ಭೇದಿಯಾದಾಗ ದಾಳಿಂಬೆ ಸಿಪ್ಪೆಯ ತಂಬುಳಿಯನ್ನು ಕೊಡುವ ವಾಡಿಕೆಯಿದೆ. ಅದನ್ನೇ ನಂಬಿ ದಿನ ಕಳೆಯುವುದು ಅಪಾಯಕರ. ಭೇದಿಯಲ್ಲಿ ಮಗುವಿನ ಪ್ರಾಣಕ್ಕೆ ಎರವಾಗುವುದು ಶರೀರದ ನೀರೂ ಲವಣವೂ ಸೋರಿಹೋಗುವಿಕೆ. ಔಷಧದ ಅಂಗಡಿಯ ಓ.ಆರ್.ಎಸ್. ಪುಡಿಯು ಸಿಕ್ಕದಿದ್ದಲ್ಲಿ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಚಹದ ಚಮಚದಲ್ಲಿ ಸಮಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕುಗುಟುಕಾಗಿ ಕುಡಿಸಬೇಕು. ಎದೆಹಾಲನ್ನು ನಿಲ್ಲಿಸಬಾರದು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ಕಾಮಾಲೆಗೂ ಇದೇ ನ್ಯಾಯ.

ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರವೂ ವೈದ್ಯವೂ ಎರಡೂ ಇವೆ, ಆದರೆ ಬೇರೆ ಬೇರೆ ಅಧ್ಯಾಯಗಳಲ್ಲಿವೆ. ನೆರೆಹೊರೆಯವರಾದ ಮಾತ್ರಕ್ಕೆ ಇಬ್ಬರ ಮನೆಯೂ ಒಂದೇ ಆಗದಷ್ಟೆ. ಈ ವಿವೇಕವು ನಮ್ಮ ಮನೆಗಳಲ್ಲಿಯೂ ಇರಲಿ.

ಹಿತ್ತಲಿಲ್ಲದವರು ಬಚ್ಚಲ ನೀರು ತಾಗದ ಕಡೆ ಎರಡು ಕುಂಡಗಳನ್ನಿಟ್ಟು ಒಂದರಲ್ಲಿ ಒಂದೆಲಗವನ್ನೂ ಇನ್ನೊಂದರಲ್ಲಿ ದೊಡ್ಡಪತ್ರೆಯನ್ನೂ ಬೆಳೆಸಬಹುದು. ದೊಡ್ಡಪತ್ರೆಯ ಕಡ್ಡಿಯನ್ನು ಮುರಿದು ನೆಟ್ಟರೆ ಸಾಕು, ಚಿಗುರುವುದು. ಎಲೆಯನ್ನು ಕಿವುಚಿ, ಮೂಸಿ, ಹೆಸರು ಹೇಳುವ ಆಟವನ್ನು ಮಕ್ಕಳಿಗೆ ಕಲಿಸಿರಿ. ಪಾಕವನ್ನು ಬರೆದಿಡಬಹುದು, ಎಲೆಯ ಗುರುತನ್ನು ಮಾತ್ರ ಕೈಯಿಂದ ಕೈಗೆ ದಾಟಿಸಬೇಕು. ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಆ ಕೆಲಸವು ನಡೆಯಲಿ.